ಗಿಡದ ನೀರು

ಕಾಗದದ ಹೂವಿನ ಗಿಡಕ್ಕೆ ನೀರು ಹಾಕಿ ಬೆಳೆಸುವವರು ಬೇಕಾದಷ್ಟು ಜನ ಇದ್ದಾರೆ. ನೀರು ತಪ್ಪಿಸಿ ಹೂ ಬಿಡಿಸುವವರು ಕಡಿಮೆ. ನಮ್ಮ ಯಜಮಾನರು ಆ ಪೈಕಿ. ಇಡೀ ದಿನ ಬಿಸಿಲು ಬೀಳುವ ಕಡೆ ಕುಂಡಗಳನ್ನು ಇಟ್ಟು, ಎರಡು ಮೂರು ವಾರ ಗಿಡಗಳನ್ನು ಬಾಯಾರಿಸುತ್ತಿದ್ದರು. ಎಲೆ ಜೋಲುಬಿದ್ದ ದಿನ ಒಂದೊಂದು ಲೋಟ ನೀರು ಕೊಟ್ಟು ಮತ್ತೆ ಸುಮ್ಮನಾಗುತ್ತಿದ್ದರು. ತನಗಿನ್ನು ಉಳಿಗಾಲವಿಲ್ಲ ಅಂತ ಗಿಡಕ್ಕೆ ಅನ್ನಿಸಿದ ಮೇಲೇ ಅದು ಹೂವಿನ ಯೋಚನೆ ಮಾಡುವುದು ಎನ್ನುತ್ತಿದ್ದರು. ನಮ್ಮ ನರ್ಸರಿಗೆ ಬರುವ ಗಿರಾಕಿಗಳು ಅವರಿಗೆ ಬರಗಾಲದ ಮೇಷ್ಟ್ರು ಅಂತ ಹೆಸರಿಟ್ಟಿದ್ದರು. ಕೇಳಿ ಇವರಿಗೆ ಒಳಗೊಳಗೇ ಖುಷಿ.

ಅಂಥವರಿಗೆ ಐವತ್ತಾರನೇ ವಯಸ್ಸಿಗೆ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆ ಮೂರು ಸಲ ಆಸ್ಪತ್ರೆಯಲ್ಲಿ ಯಂತ್ರಕ್ಕೆ ಹಾಕಿ ರಕ್ತ ತೊಳೆಯಬೇಕಾಯಿತು. ಕುಡಿದ ನೀರು ಹೊರಗೆ ಹೋಗುವ ದಾರಿಯೇ ಮುಚ್ಚಿದೆ, ಜಾಸ್ತಿ ಕುಡಿದರೆ ಅದು ಮೊದಲು ಕಾಲಿಗೆ ಇಳಿಯುತ್ತದೆ, ಆಮೇಲೆ ಎದೆಗೆ ಏರುತ್ತದೆ ಅಂತ ಡಾಕ್ಟರು ಬಿಡಿಸಿ ಹೇಳಿದರು. ದಿನಕ್ಕೆ ಮುಕ್ಕಾಲು ಲೀಟರ್. ಟೀ, ಹಾಲು, ಮಾತ್ರೆ ನುಂಗುವ ಗುಟುಕು, ಎಲ್ಲ ಅದರಲ್ಲೇ.

ಇವರ ಅಕ್ಕ, ಅಂದರೆ ನನ್ನ ಅತ್ತಿಗೆ, ತನ್ನದೊಂದು ಕಿಡ್ನಿ ಕೊಡುತ್ತೇನೆಂದು ಮುಂದೆ ಬಂದರು. ಹೊಲಿಗೆ ಕೆಲಸದವರು. ಕೈಯಲ್ಲಿರುವ ಕತ್ತರಿಗಿಂತ ಬಾಯಿ ಹರಿತ. "ಚಿಕ್ಕವನಿದ್ದಾಗ ನನ್ನ ಪಾಲಿನ ಮಿಠಾಯಿ ಎಲ್ಲ ಇವನೇ ನುಂಗಿದ. ಇದೊಂದು ಬಾಕಿ ಇತ್ತು, ಇದನ್ನೂ ತಗೊಳ್ಳಲಿ ಬಿಡು" ಅಂದರು. ಪರೀಕ್ಷೆಗಳೆಲ್ಲ ಹೊಂದಿಕೆಯಾದವು. ಆಪರೇಷನ್ನಿಗೆ ಹತ್ತು ವಾರ ಇತ್ತು. ಅಲ್ಲಿಯವರೆಗೆ ಹೃದಯ ಗಟ್ಟಿಯಾಗಿರಬೇಕು, ನೀರು ತುಂಬಿ ಹೃದಯ ಸೋತರೆ ಆಪರೇಷನ್ ಮಾಡುವುದಿಲ್ಲ ಅಂತ ಡಾಕ್ಟರು ಮೂರು ಸಲ ಹೇಳಿ ಕಳಿಸಿದರು.

"ಹತ್ತು ವಾರ ತಾನೇ" ಅಂದರು ಇವರು. "ನನ್ನ ಗಿಡಗಳು ತಡ್ಕೊಂಡಿಲ್ವಾ?"

ಮೊದಲ ವಾರ ಶೂರರ ಹಾಗೆ ಇದ್ದರು. ಎರಡನೇ ವಾರಕ್ಕೆ ನಾಲಿಗೆ ಅಂಗುಳಕ್ಕೆ ಅಂಟಿಕೊಂಡು ಮಾತು ತೊದಲತೊಡಗಿತು. ನಾನು ಪಾತ್ರೆ ತೊಳೆಯುವ ಸದ್ದು ಕೇಳಿದರೆ ಎದ್ದು ಇನ್ನೊಂದು ಕೋಣೆಗೆ ಹೋಗುತ್ತಿದ್ದರು. ಒಂದು ದಿನ ಬಚ್ಚಲಲ್ಲಿ ಒದ್ದೆ ಟವಲ್ ಹೀರುತ್ತ ನಿಂತಿದ್ದರು. ನನ್ನನ್ನು ನೋಡಿ ನಾಚಿಕೆಯಾಗಿ, "ಲೇ, ಎಲ್ಲ ನಲ್ಲಿಯ ಹಿಡಿ ಬಿಚ್ಚಿ ನಿನ್ನ ಹತ್ರ ಇಟ್ಕೋ. ನನ್ನನ್ನ ನಂಬಬೇಡ" ಅಂದರು. ಹಾಗೇ ಮಾಡಿದೆ. ಫ್ರಿಜ್ಜಿಗೂ ಬೀಗ ಹಾಕಿದೆ. ಸ್ನಾನದ ಬಕೆಟ್ಟಿಗೆ ಸೋಪಿನ ಪುಡಿ ಕದಡಿಯೇ ಕೊಡುತ್ತಿದ್ದೆ. ಅವರ ಪಾಲಿನ ನೀರು ಗೆರೆ ಎಳೆದ ಒಂದು ಬಾಟಲಿಯಲ್ಲಿರುತ್ತಿತ್ತು.

ನರ್ಸರಿ ನನ್ನ ಪಾಲಿಗೆ ಬಂತು. ಇವರಿಗೆ ಅಂತ ಉಳಿದ ಕೆಲಸ ಒಂದೇ. ನಮ್ಮ ಮನೆಯ ತಾರಸಿಯ ಮೇಲೆ ಆರು ಕುಂಡ ಕಾಗದದ ಹೂವು ಇದ್ದವು, ಮಾರಾಟಕ್ಕಲ್ಲ, ಇವರೇ ಕಸಿ ಮಾಡಿ ಬೆಳೆಸಿದವು. ಬೆಳಿಗ್ಗೆ ನಾನು ಮೂರು ಲೀಟರಿನ ಕ್ಯಾನು ತುಂಬಿ ಮೇಲೆ ಇಟ್ಟು ನರ್ಸರಿಗೆ ಇಳಿಯುತ್ತಿದ್ದೆ. ಇವರು ನಿಧಾನವಾಗಿ ಮೆಟ್ಟಿಲು ಹತ್ತಿ, ಗಿಡಗಳಿಗೆ ಹಾಕಿ, ಬಿಸಿಲು ಏರುವವರೆಗೆ ಅಲ್ಲೇ ಕುರ್ಚಿಯಲ್ಲಿ ಕೂತಿರುತ್ತಿದ್ದರು.

"ದಿನಾ ಹಾಕಿದ್ರೆ ಬರೀ ಎಲೆ ಬರುತ್ತೆ ಕಣ್ರೀ. ನೀವೇ ಹೇಳಿಕೊಟ್ಟಿದ್ದು" ಅಂದೆ ಒಂದು ಸಲ.

"ಬರಲಿ ಬಿಡೇ. ಇನ್ನು ಯಾರನ್ನೂ ಒಣಗಿಸೋದು ಬೇಡ ನನಗೆ."

ಹಾಗೆಯೇ ಆಯಿತು. ಗಿಡಗಳು ಕೊಬ್ಬಿ, ಹಸಿರು ಉಕ್ಕಿ, ಒಂದು ಹೂವಿಲ್ಲದೆ ನಿಂತವು.

ಆ ಕ್ಯಾನಿನ ನೀರಿನ ಬಗ್ಗೆ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಮೂವತ್ತು ವರ್ಷ ನರ್ಸರಿ ಮಾಡಿದವರ ಕಣ್ಣಿಗೆ ಗಿಡದ ನೀರು ಅಂದರೆ ಕುಡಿಯುವ ನೀರೇ ಅಲ್ಲ. ಅದು ಗೊಬ್ಬರ, ಕತ್ತರಿ, ಗೋಣಿಚೀಲದ ಸಾಲಿಗೆ ಸೇರಿದ್ದು. ನಲ್ಲಿಯ ಹಿಡಿಗಳನ್ನೆಲ್ಲ ಸೀರೆಯ ಸೆರಗಿಗೆ ಕಟ್ಟಿಕೊಂಡು ಓಡಾಡುತ್ತಿದ್ದ ನಾನು, ದಿನಾ ಬೆಳಿಗ್ಗೆ ನನ್ನ ಕೈಯಾರೆ ಮೂರು ಲೀಟರ್ ನೀರು ಅವರ ಮುಂದೆ ಇಟ್ಟು ಹೋಗುತ್ತಿದ್ದೆ.

ನಾಲ್ಕನೇ ವಾರ ಯಂತ್ರದ ಕೋಣೆಯ ನರ್ಸಮ್ಮ ತೂಕ ನೋಡಿ ಹುಬ್ಬು ಗಂಟಿಕ್ಕಿದಳು. ಒಂದು ಸರದಿಯಿಂದ ಇನ್ನೊಂದಕ್ಕೆ ಎರಡು ಕೆಜಿ ಏರಿತ್ತು. ಮುಂದಿನ ವಾರ ಮೂರೂವರೆ.

"ಯಾರು ಕೊಡ್ತಿದಾರೆ ನೀರು?" ಅಂತ ನನ್ನನ್ನು ಕೇಳಿದಳು.

"ಯಾರೂ ಇಲ್ಲಮ್ಮ. ಅಳೆದು ಕೊಡೋಳು ನಾನೇ."

"ಗಾಳಿ ಕುಡಿದು ಮೂರೂವರೆ ಕೆಜಿ ಬರಲ್ಲ."

"ಹಂಗಾದ್ರೆ ನಿನ್ನ ತಕ್ಕಡಿ ಸರಿ ಇಲ್ಲ" ಅಂದೆ. ಅವಳು ತಾನೇ ತಕ್ಕಡಿ ಹತ್ತಿ ತೋರಿಸಿದಳು. ಐವತ್ತೆರಡು. "ನಿನ್ನೆಯೂ ಇಷ್ಟೇ ಇದ್ದೆ" ಅಂದಳು. ಇವರು ಹಾಸಿಗೆಯಲ್ಲಿ ಕಣ್ಣು ಮುಚ್ಚಿಕೊಂಡಿದ್ದರು. ನಿದ್ದೆ ಅಂದುಕೊಂಡೆ.

ಅದಾಗಿ ಎರಡು ದಿನಕ್ಕೆ ಕ್ಯಾನು ಇಡಲು ತಾರಸಿಗೆ ಹೋದವಳು ಮೆಟ್ಟಿಲ ಕೊನೆಯಲ್ಲೇ ನಿಂತೆ. ಆರೂ ಗಿಡಗಳ ರೆಂಬೆ ತುದಿಯಲ್ಲಿ ಗುಲಾಬಿ ಬಣ್ಣ ಇಣುಕಿತ್ತು. ವಾರದೊಳಗೆ ಎಲೆ ಕಾಣದಷ್ಟು ಹೂ. ಎಷ್ಟೋ ದಿನದ ಮೇಲೆ ನಮ್ಮ ಮನೆಗೆ ಬಂದ ಒಳ್ಳೆಯ ಸುದ್ದಿ ಅದು. "ಏನ್ರೀ ಮಾಡಿದ್ರಿ?" ಅಂತ ಕೇಳಿದೆ. ಇವರು ನನ್ನ ಮುಖವನ್ನೇ ನೋಡಿದರು. "ನಿನಗೆ ಗೊತ್ತಾಗಲ್ವಾ?" ಅಂದರು.

"ಈ ಸಲದ ಬಿಸಿಲು ಚೆನ್ನಾಗಿದೆ" ಅಂದೆ ನಾನು.

ಅಷ್ಟಕ್ಕೇ ನಿಲ್ಲಿಸಲಿಲ್ಲ. ಕೆಳಗೆ ಗಿಡ ಕೊಳ್ಳಲು ಬಂದಿದ್ದ ಹೋಟೆಲಿನವರೊಬ್ಬರನ್ನು ಕರೆದುಕೊಂಡು ಹೋಗಿ ತೋರಿಸಿದೆ. ಅವರು ಆಸೆಪಟ್ಟು ಕೇಳಿದರು. ಇವರಿಗೂ ಮೆಟ್ಟಿಲು ಹತ್ತುವುದು ಕಷ್ಟವಾಗುತ್ತಿತ್ತು. ಎರಡು ಕುಂಡ ಮಾರಿ ಕಳಿಸಿದೆ. ಹೊರಡುವಾಗ ಅವರು, "ಇಷ್ಟು ಹೂವಿಗೆ ಏನು ಹಾಕ್ತೀರಿ?" ಅಂದಾಗ, "ಎಲ್ಲ ನಮ್ಮ ಮೇಷ್ಟ್ರ ಕೈಗುಣ" ಅಂತ ನಕ್ಕೆ. ಕಾಗದದ ಹೂವು ಯಾವಾಗ ಹೂ ಬಿಡುತ್ತದೆ ಅಂತ ಊರಿಗೆಲ್ಲ ಪಾಠ ಹೇಳುವವಳು ನಾನು.

ಅದಾದ ನಾಲ್ಕನೇ ದಿನ ಮಧ್ಯಾಹ್ನ ಇವರಿಗೆ ಉಸಿರು ಕಟ್ಟಿತು. ಮಲಗಲು ಆಗದು, ಕೂರಲು ಆಗದು. ಗಂಟಲಲ್ಲಿ ಗೊರಗೊರ ಸದ್ದು, ತುಟಿ ನೀಲಿ. ಪಕ್ಕದ ಮನೆಯವರ ಕಾರಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದೆವು. ಮೂಗಿಗೆ ಆಮ್ಲಜನಕ ಹಾಕಿ ಯಂತ್ರಕ್ಕೆ ಹಾಕಿದರು. ನರ್ಸಮ್ಮ ಹೊರಗೆ ಬಂದು, "ಎದೆ ತುಂಬ ನೀರಿದೆ. ಈಗಲಾದ್ರೂ ನಿಜ ಹೇಳಿ, ಎಲ್ಲಿಂದ ಕುಡಿದ್ರು?" ಅಂದಳು. ಬೈಯುವ ದನಿ ಅಲ್ಲ, ಅವಳಿಗೂ ಸಾಕಾಗಿ ಹೋಗಿತ್ತು. ನಾನು ಯಾರ ಮೇಲೆ ಬೇಕಾದರೂ ಆಣೆ ಇಡಲು ತಯಾರಿದ್ದೆ.

ಎರಡು ದಿನ ಕಳೆದು, ಅತ್ತಿಗೆಯನ್ನು ಆಸ್ಪತ್ರೆಯಲ್ಲಿ ಕೂರಿಸಿ, ಬಟ್ಟೆ ತರಲು ಮನೆಗೆ ಬಂದೆ. ಎರಡು ದಿನದಿಂದ ಗಿಡ ನೋಡಿಲ್ಲ ಅಂತ ತಾರಸಿಗೆ ಹೋದೆ. ಉಳಿದ ನಾಲ್ಕೂ ಗಿಡಗಳು ಬಿಸಿಲಿಗೆ ಬೆಂಕಿ ಹತ್ತಿದ ಹಾಗೆ ಹೂ ಬಿಟ್ಟಿದ್ದವು. ರೂಢಿಯಂತೆ ಕುಂಡದ ಮಣ್ಣಿಗೆ ಬೆರಳು ಹಾಕಿದೆ. ಬೆರಳು ಹೋಗಲಿಲ್ಲ. ಇಟ್ಟಿಗೆಯಾಗಿತ್ತು. ಕಡ್ಡಿಯಿಂದ ಕೆದಕಿದೆ, ಬುಡದವರೆಗೂ ಬೂದಿ. ಎರಡು ದಿನಕ್ಕೆ ಒಣಗಿದ ಮಣ್ಣಲ್ಲ ಅದು. ತಿಂಗಳಿಂದ ದಿನಕ್ಕೊಂದು ಬೊಗಸೆಗಿಂತ ಹೆಚ್ಚು ಕಾಣದ ಮಣ್ಣು. ಕ್ಯಾನು ಮಾತ್ರ ಖಾಲಿ.

ಕುರ್ಚಿಯ ಮೇಲೆ ಕೂತೆ.

ಮಾರನೇ ದಿನ ಇವರಿಗೆ ಮಾತಾಡುವಷ್ಟು ಉಸಿರು ಬಂತು. ಹಾಸಿಗೆಯ ಪಕ್ಕ ಹೋಗಿ, "ಮಣ್ಣು ನೋಡಿದೆ" ಅಂದೆ.

"ಮೊದಲು ಬರೀ ಬಾಯಿ ಮುಕ್ಕಳಿಸೋಣ ಅಂತ ತಗೊಂಡೆ" ಅಂದರು. ಸ್ವಲ್ಪ ಸುಧಾರಿಸಿಕೊಂಡರು. "ಆಮೇಲೆ ಒಂದು ಲೋಟ. ಗಿಡಕ್ಕೆ ಸ್ವಲ್ಪ ಕಡಿಮೆ. ಆಮೇಲೆ ಗಿಡದ್ದೇ ಕಡಿಮೆ ಆಗ್ತಾ ಹೋಯ್ತು."

"ನನಗೆ ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ?"

"ನಾಲಿಗೆ ಏಳಲಿಲ್ಲ ಕಣೇ. ಮೊಗ್ಗು ಬಂದಾಗ, ಸರಿ, ಸಿಕ್ಕಿಬಿದ್ದೆ, ಇವಳು ಒಂದು ಗಳಿಗೆಯಲ್ಲಿ ಹಿಡೀತಾಳೆ ಅಂದ್ಕೊಂಡೆ. ದಿನಾ ಕಾದೆ." ಕಣ್ಣು ಬೇರೆ ಕಡೆ ತಿರುಗಿಸಿ, "ನೀನು ಮಾರಿಬಿಟ್ಟೆ" ಅಂದರು.

ಅದನ್ನು ಆಕ್ಷೇಪಣೆಯ ಹಾಗೆ ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು.

ಸಂಜೆ ಡಾಕ್ಟರು ನನ್ನನ್ನೂ ಅತ್ತಿಗೆಯನ್ನೂ ಕೋಣೆಗೆ ಕರೆದರು. ಹೃದಯ ದೊಡ್ಡದಾಗಿದೆ, ಅದರ ಶಕ್ತಿ ಕಾಲುಭಾಗಕ್ಕೆ ಇಳಿದಿದೆ, ಆಪರೇಷನ್ ಮೇಜಿನ ಮೇಲೇ ಹೋಗಿಬಿಡುತ್ತಾರೆ, ಇನ್ನು ಆ ವಿಷಯ ಬಿಟ್ಟುಬಿಡಿ ಅಂದರು. ನೀರಿನ ಅಳತೆ ತಪ್ಪದೆ ನೋಡಿಕೊಂಡರೆ ಒಂದು ವರ್ಷ. ತಪ್ಪಿದರೆ ವಾರಗಳ ಲೆಕ್ಕ.

ಹೊರಗಿನ ಬೆಂಚಿನ ಮೇಲೆ ಅತ್ತಿಗೆ ತಮ್ಮ ಪಕ್ಕೆಯ ಮೇಲೆ ಕೈ ಇಟ್ಟುಕೊಂಡು ಕೂತರು. ಪರೀಕ್ಷೆ ಆದಾಗಿನಿಂದ ಅವರಿಗೆ ಹಾಗೆ ಅಭ್ಯಾಸವಾಗಿತ್ತು.

"ಅವನಿಗೆ ಹೇಳಬೇಡ" ಅಂದರು. "ಆಪರೇಷನ್ ಮುಂದಕ್ಕೆ ಹೋಗಿದೆ ಅನ್ನೋಣ. ಆಸೆ ಇದ್ರೆ ನೀರು ತಡ್ಕೊಳ್ತಾನೆ."

"ಇಲ್ಲದ ಆಪರೇಷನ್ನಿಗೆ ಒಂದು ವರ್ಷ ಒಣಗಿಸೋದಾ ಅತ್ತಿಗೆ?"

"ಬದುಕಿರ್ತಾನಲ್ಲ."

"ಹೂ ಬರುತ್ತೆ ಅಂತ ಗಿಡ ಒಣಗಿಸ್ತೀವಿ. ಬರಲ್ಲ ಅಂತ ಗೊತ್ತಿದ್ದೂ ಒಣಗಿಸಿದ್ರೆ ಅದಕ್ಕೆ ಏನಂತಾರೆ?"

"ನಿನ್ನ ಗಿಡದ ಪುರಾಣ ಸಾಕು" ಅಂದರು ಅತ್ತಿಗೆ. ದನಿ ಏರಿಸಲಿಲ್ಲ. "ಗಿಡ ನೋಡ್ಕೊಂಡೇ ಅವನನ್ನ ಇಲ್ಲಿಗೆ ತಂದು ಇಟ್ಟೆ."

ಆಗಲಿ ಅಂದೆ. ಸುಳ್ಳು ಹೇಳಲು ಒಪ್ಪಿಕೊಂಡೆ.

ಐದು ದಿನಕ್ಕೆ ಮನೆಗೆ ಬಂದೆವು. ಕ್ಯಾನನ್ನು ನಾನು ನರ್ಸರಿಗೆ ಇಳಿಸಿದ್ದೆ. ಇವರನ್ನು ಮಲಗಿಸಿ, ಗೆರೆಯ ಬಾಟಲಿಯಿಂದ ಎರಡು ಗುಟುಕು ಕೊಟ್ಟೆ. ಕುಡಿದು ಬಾಟಲಿಯ ಕಡೆಯೇ ನೋಡುತ್ತಿದ್ದರು. ಆ ಕಣ್ಣು ನೋಡಿ ನನ್ನ ಒಪ್ಪಂದ ಮನೆಗೆ ಬಂದ ಮೇಲೆ ಎರಡು ಗಂಟೆಯೂ ನಿಲ್ಲಲಿಲ್ಲ. ಬಾಗಿಲು ಹಾಕಿ, ಮಂಚದ ತುದಿಯಲ್ಲಿ ಕೂತು, ಡಾಕ್ಟರು ಹೇಳಿದ್ದನ್ನು ಒಂದಕ್ಷರ ಕೂಡಿಸದೆ ಕಳೆಯದೆ ಹೇಳಿದೆ. ವರ್ಷದ ಮಾತು, ವಾರಗಳ ಮಾತು, ಎರಡೂ.

ಇವರು ಬಾಟಲಿಯನ್ನು ಆಚೆ ಸರಿಸಿದರು.

"ಅಕ್ಕನಿಗೆ ಗೊತ್ತಾ?"

"ಗೊತ್ತು. ನಿಮಗೆ ಹೇಳಬೇಡ ಅಂದಿದಾರೆ."

"ಹಾಗಾದ್ರೆ ನನಗೆ ಗೊತ್ತಿಲ್ಲ" ಅಂದರು. "ಅವಳ ಮುಂದೆ ನೀನು ಬಾಯಿ ಬಿಡಬೇಡ. ಪಾಪ, ಕೊಡೋಕೆ ಸಿದ್ಧವಾಗಿ ಕೂತವಳು." ಆಮೇಲೆ, "ನಲ್ಲಿ ಹಿಡಿ ಎಲ್ಲಿದೆ?" ಅಂದರು.

ಸೆರಗಿನ ಗಂಟು ಬಿಚ್ಚಿ ಅವರ ಕೈಗೆ ಕೊಟ್ಟೆ. ಅವರು ಅವನ್ನು ದಿಂಬಿನ ಕೆಳಗೆ ಇಟ್ಟುಕೊಂಡರು.

ಸಂಜೆ ಹೊಲಿಗೆ ಮುಗಿಸಿ ಅತ್ತಿಗೆ ಬಂದರು. ಬಂದವರೇ ಬಾಟಲಿ ಎತ್ತಿ ಬೆಳಕಿಗೆ ಹಿಡಿದು ಗೆರೆ ನೋಡಿದರು. ನೀರು ಇನ್ನೂ ಅರ್ಧಕ್ಕಿಂತ ಮೇಲೆ ಇತ್ತು.

"ಜಾಣ ಆಗಿದೀಯಲ್ಲೋ" ಅಂದರು. "ಸ್ವಲ್ಪ ದಿನ ಮುಂದಕ್ಕೆ ಹಾಕಿದಾರೆ, ಅಷ್ಟೇ. ನಾನು ನನ್ನ ಸಾಮಾನು ಜೋಪಾನವಾಗಿ ಇಟ್ಕೊಂಡಿದೀನಿ. ಕರಿದಿದ್ದು ಮುಟ್ಟಿಲ್ಲ, ಉಪ್ಪು ಬಿಟ್ಟಿದೀನಿ. ನೀನು ನಿನ್ನ ಕೆಲಸ ಮಾಡು."

"ಮಾಡ್ತೀನಿ ಅಕ್ಕ. ನಿನ್ನ ಕಿಡ್ನಿ ನನ್ನೊಳಗೆ ಬಂದ ಮೇಲೆ ನನ್ನ ಬಾಯೂ ನಿನ್ನ ಹಾಗೇ ಆಗುತ್ತೇನೋ ಅಂತಲೇ ಭಯ."

"ಆಗಲಿ. ನಿನ್ನ ಹೆಂಡತಿಗೆ ಎರಡು ಬಾಯಿ ಕೇಳೋ ಯೋಗ."

ಅಕ್ಕ ತಮ್ಮ ಇಬ್ಬರೂ ನಕ್ಕರು. ನಾನೂ ನಕ್ಕೆ. ಆಪರೇಷನ್ ಇಲ್ಲ ಅಂತ ಮೂವರಿಗೂ ಗೊತ್ತಿತ್ತು. ಅತ್ತಿಗೆ ಅವರ ಊದಿದ ಕಾಲನ್ನು ಒಂದು ಸಲ ಒತ್ತಿ ನೋಡಿ, ಸೀರೆ ಸರಿ ಮಾಡಿಕೊಂಡು, ನಾಳೆ ಇದೇ ಹೊತ್ತಿಗೆ ಬರುತ್ತೇನೆ ಅಂತ ಹೊರಟರು. ಗೇಟು ಹಾಕಿದ ಸದ್ದು ಕೇಳುವವರೆಗೂ ಇವರು ಕಾದರು. ಆಮೇಲೆ ದಿಂಬಿನ ಕೆಳಗಿನಿಂದ ಅಡಿಗೆಮನೆ ನಲ್ಲಿಯ ಹಿಡಿ ತೆಗೆದು ನನಗೆ ಕೊಟ್ಟರು.

"ದೊಡ್ಡ ಲೋಟದಲ್ಲಿ ತಾ" ಅಂದರು.

ನಲ್ಲಿಗೆ ಹಿಡಿ ಸಿಕ್ಕಿಸಿ ತಿರುಗಿಸಿದೆ. ಲೋಟ ತುಂಬುವ ಸದ್ದು ಒಳಗಿನ ಕೋಣೆಗೆ ಕೇಳುತ್ತದೆ.

"ಪೂರ್ತಿ ಬೇಡ ಕಣೇ" ಅಂತ ಅಲ್ಲಿಂದಲೇ ಹೇಳಿದರು. "ಅರ್ಧ ಮಾಡು. ನಾಳೆ ಅಕ್ಕ ಬರ್ತಾಳೆ."