ಅಪ್ಪನ ಕುರ್ಚಿಯ ಎದುರಿನ ಬಿದಿರು

ಹಿತ್ತಲಲ್ಲಿ ಗಂಡನ ಹಾಸಿಗೆಯ ಬಟ್ಟೆ ಹಿಂಡುತ್ತಿದ್ದಾಗ ಮುಂದಿನ ಅಂಗಳದಿಂದ ‘ಲಟಕ್’ ಅಂತ ಸದ್ದು ಬಂತು. ಅರ್ಧ ಹಿಂಡಿದ್ದನ್ನು ಬಕೆಟ್ಟಿಗೆ ಬಿಟ್ಟು ಅವಳು ಒದ್ದೆ ಕೈಯಲ್ಲೇ ಓಡಿದಳು. ಬಿದಿರಿನ ಮೊಳಕೆ ಮುರಿಯುವ ಆ ಹೆಗ್ಗಣವನ್ನು ಇವತ್ತು ಹಿಡಿದೇ ತೀರಬೇಕು.

ಬೇಲಿಯುದ್ದಕ್ಕೂ ಬಿದಿರು ನೆಟ್ಟವಳು ಅವಳೇ. ಕಂಡಲ್ಲೆಲ್ಲ ಬೇರು ಓಡಿಸುವ ಜಾತಿಯಲ್ಲ, ಇದ್ದಲ್ಲೇ ಮೆಳೆಗಟ್ಟುವ ಸಣ್ಣ ಗಳದ ಜಾತಿ. “ಬುಡಕ್ಕೊಂದು ಮಾರು ಜಾಗ ಬಿಡಿ ಅಕ್ಕ, ಅದೇ ಮೈ ತುಂಬಿಕೊಳ್ಳುತ್ತೆ” ಎಂದು ನರ್ಸರಿಯವನು ಹೇಳಿದರೂ ಕೇಳದೆ ಒತ್ತೊತ್ತಾಗಿ ಗುಂಡಿ ತೋಡಿದ್ದಳು. ಕಾಯುವಷ್ಟು ತಾಳ್ಮೆ ಅವಳಿಗಿರಲಿಲ್ಲ. ಪಾತ್ರೆ ತೊಳೆದ ನೀರು, ತರಕಾರಿ ಸಿಪ್ಪೆ, ಎಲ್ಲ ಅದರ ಬುಡಕ್ಕೇ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬಿದಿರು ಆಳೆತ್ತರ ದಾಟಿತು.

“ಏನೇ, ಕೋಟೆ ಕಟ್ಟಿಸ್ತಿದ್ದೀಯಾ? ಇನ್ಮೇಲೆ ಒಳಗೆ ಬರೋಕೆ ಕಹಳೆ ಊದಬೇಕಾ?” ಎಂದು ಪಕ್ಕದ ಮನೆಯಾಕೆ ನಕ್ಕಿದ್ದಳು. ಇವಳೂ ನಕ್ಕಂತೆ ಮಾಡಿದ್ದಳು.

ಬಸ್ಸು ಓಡಿಸುತ್ತಿದ್ದ ಗಂಡನಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿತ್ತು. ಮಾತು ನಿಂತಿತ್ತು, ಬಾಯಿ ಸೊಟ್ಟಗಾಗಿ ಜೊಲ್ಲು ಇಳಿಯುತ್ತಿತ್ತು. ಬೆಳಗಿನ ಬಿಸಿಲಿಗೆಂದು ಅಂಗಳದ ಕುರ್ಚಿಯಲ್ಲಿ ಕೂರಿಸಿದರೆ ದಾರಿಹೋಕರು ಹೆಜ್ಜೆ ನಿಧಾನ ಮಾಡಿ “ಅಯ್ಯೋ ಪಾಪ” ಅನ್ನುತ್ತಿದ್ದರು. ಆ ‘ಪಾಪ’ವನ್ನು ದಿನಾ ಕೇಳಿ ಕೇಳಿ ಅವಳಿಗೆ ಸಾಕಾಗಿಹೋಗಿತ್ತು. ಬಿದಿರು ಬೆಳೆದ ಮೇಲೆ ಅವನಿಗೆ ದಾರಿ ಕಾಣದಾಯಿತು, ದಾರಿಗೆ ಅವನು.

ಕುರ್ಚಿಯ ನೇರಕ್ಕೆ ಮಾತ್ರ ಒಂದು ಸಂದು ಮುಚ್ಚಿಕೊಳ್ಳುತ್ತಲೇ ಇರಲಿಲ್ಲ. ಅಲ್ಲಿ ಮೊಳಕೆ ಮೂಡಿ ಕಳಲೆಯಾದಂತೆಲ್ಲ ಮುರಿದು ಬಿದ್ದಿರುತ್ತಿತ್ತು. ಬೋನು ಇಟ್ಟಿದ್ದಳು, ಏನೂ ಬಿದ್ದಿರಲಿಲ್ಲ.

ಈಗ ನೋಡಿದರೆ ಮೆಳೆಯ ಬುಡದಲ್ಲಿ ಮಗಳು ಕುಕ್ಕರಗಾಲಲ್ಲಿ ಕೂತಿದ್ದಾಳೆ. ಕೈಯಲ್ಲಿ ಎಳೆಯ ಕಳಲೆ.

“ನೀನಾ? ಹೆಗ್ಗಣ ಹೆಗ್ಗಣ ಅಂತ ಒದ್ದಾಡ್ತಿದ್ದೀನಿ, ನನ್ನ ಹೊಟ್ಟೇಲೇ ಹುಟ್ಟಿದೆಯಲ್ಲೇ ಹೆಗ್ಗಣ!”

“ಶ್! ಸುಮ್ನಿರಮ್ಮ. ಬಸ್ಸು ಬರೋ ಹೊತ್ತು.”

ತಿರುವಿನಲ್ಲಿ ಬಸ್ಸು ನಿಧಾನವಾಯಿತು. ಪೋಂ, ಪೋಂ. ಸಂದಿನಾಚೆ, ಹಿಂದೆ ಗಂಡನ ಜೊತೆ ಪಾಳಿ ಬದಲಿಸುತ್ತಿದ್ದ ಡ್ರೈವರ್ ಕತ್ತು ಹೊರಗೆ ಹಾಕಿದ.

“ಏನ್ ಗುರುವೇ, ಹೇಗಿದ್ದೀಯ? ನಿನ್ನ ಗಾಡಿ ಇನ್ನೂ ನನ್ನ ಮಾತು ಕೇಳ್ತಿಲ್ಲ ಕಣಯ್ಯ!”

ಕುರ್ಚಿಯಲ್ಲಿದ್ದವನ ಎಡಗೈ ಮೇಲೆದ್ದಿತು. ಗಂಟಲಿನಿಂದ ಏನೋ ಹೊರಟಿತು. ನಗುವಿರಬೇಕು.

“ದಿನಾ ಹೀಗೇ ಅಮ್ಮ. ಈ ಹೊತ್ತಲ್ಲಿ ನೀನು ಹಿತ್ತಲಲ್ಲಿರ್ತೀಯಲ್ಲ,” ಎಂದು ಮಗಳು ಪಿಸುಗುಟ್ಟಿದಳು.

ತಾಯಿ ಮಾತ್ರ ಬೇರೆಯದನ್ನು ನೋಡುತ್ತಿದ್ದಳು. ಬಸ್ಸಿನ ಕಿಟಕಿಗಳಲ್ಲಿ ಒಂದೊಂದೇ ತಲೆ ಇತ್ತ ತಿರುಗುತ್ತಿತ್ತು. ಗಂಡನ ಗಲ್ಲದಿಂದ ಜೊಲ್ಲು ಎಳೆಯಾಗಿ ಅಂಗಿಯ ಮೇಲಿಳಿಯುತ್ತಿತ್ತು. ಯೋಚಿಸಲು ಪುರುಸೊತ್ತೇ ಇಲ್ಲದವಳಂತೆ ನುಗ್ಗಿ, ಕುರ್ಚಿಯ ಬೆನ್ನು ಹಿಡಿದು ಗೋಡೆಯ ಕಡೆಗೆ ತಿರುಗಿಸಿಬಿಟ್ಟಳು.

ಎತ್ತಿದ ಕೈ ಒಂದಷ್ಟು ಹೊತ್ತು ಗೋಡೆಗೆ ಎದುರಾಗಿ ಹಾಗೆಯೇ ನಿಂತಿತ್ತು. ಆಮೇಲೆ ಮೆಲ್ಲಗೆ ತೊಡೆಯ ಮೇಲೆ ಬಿತ್ತು. ಬಸ್ಸು ಇನ್ನೊಮ್ಮೆ ಕೂಗಿ, ಉತ್ತರ ಸಿಗದೆ ಹೊರಟುಹೋಯಿತು.

ಅವಳು ಸೆರಗಿನಿಂದ ಗಂಡನ ಗಲ್ಲ ಒರೆಸಿದಳು, ಹಸುಗೂಸಿಗೆ ಒರೆಸುವ ಹಾಗೆ. ಅವನು ಅವಳತ್ತ ನೋಡಲಿಲ್ಲ.

“ನಾಳೆಯಿಂದ ಬಿದಿರು ಮುಟ್ಟಿದ್ರೆ ಜೋಕೆ,” ಎಂದಳು, ಮಗಳ ಕಡೆ ತಿರುಗದೆ. “ಹೋಗು, ಸ್ಕೂಲಿಗೆ ಹೊತ್ತಾಯ್ತು.”

ಮಗಳು ಕದಲಲಿಲ್ಲ. ಅಳಲೂ ಇಲ್ಲ. ಎಷ್ಟೋ ದಿನದಿಂದ ಊಟದ ಹೊತ್ತಲ್ಲಿ, ಜಡೆ ಹಾಕಿಸಿಕೊಳ್ಳುವಾಗ, ಬಾಯಿ ತೆರೆದು ಮತ್ತೆ ಮುಚ್ಚಿಕೊಳ್ಳುತ್ತಿದ್ದ ಹುಡುಗಿ, ಅಪ್ಪನಿಗೂ ಕೇಳಿಸುವಷ್ಟು ಗಟ್ಟಿಯಾಗಿ ಕೇಳಿಯೇಬಿಟ್ಟಳು:

“ಅಮ್ಮ, ಅಪ್ಪ ಅಂದ್ರೆ ನಿಂಗೆ ನಾಚಿಕೆನಾ?”