ಇಲಿರಾಯನ ಬೂಟು

ಸ್ಟುಡಿಯೋದಲ್ಲಿ ಅವಳನ್ನು ಎಲ್ಲರೂ ಸದ್ದಕ್ಕ ಎಂದೇ ಕರೆಯುತ್ತಿದ್ದರು. ಕಾರ್ಟೂನಿನ ಬೊಂಬೆಗಳಿಗೆ ಬಾಯಿ ಕೊಡುವವರು ಬೇರೆ, ಕಾಲು ಕೊಡುವವಳು ಇವಳು. ಪರದೆಯ ಮೇಲೆ ಮೊಲ ಓಡಿದರೆ ಇವಳು ಮರಳಿನ ತಟ್ಟೆಯಲ್ಲಿ ಕುಣಿಯಬೇಕು.

ಮಕ್ಕಳಿಗೆಲ್ಲ ಹುಚ್ಚು ಹಿಡಿಸಿದ್ದ ‘ಸಿರಿಕೋಟೆ’ ಎಂಬ ಟೀವಿ ಕಾರ್ಟೂನಿಗೆ ಸದ್ದು ಹಾಕಿದವಳೂ ಇವಳೇ. ಕೋಟೆಯೊಳಗೆ ದುಂಡುದುಂಡಗಿನ ಬಿಳಿ ಮೊಲಗಳು. ಚರಂಡಿಯಿಂದ ಹತ್ತಿ ಬಂದು ಕದಿಯುವ ಇಲಿಗಳು. ಶುರುವಿನಲ್ಲೇ ಸ್ಟುಡಿಯೋದ ಯಜಮಾನ ಅಪ್ಪಣೆ ಕೊಟ್ಟಿದ್ದ: “ಮೊಲಕ್ಕೆ ಬೂಟು. ಇಲಿಗೆ ಸವೆದ ಚಪ್ಪಲಿ. ಕಣ್ಣು ಮುಚ್ಚಿದ್ರೂ ಮಗೂಗೆ ಗೊತ್ತಾಗ್ಬೇಕು, ಕಳ್ಳ ಯಾರು ಅಂತ.”

ಸದ್ದಕ್ಕ ಅಮ್ಮನ ಹಳೇ ಚಪ್ಪಲಿಯನ್ನೇ ತಂದಳು. ಅಮ್ಮ ಕಚೇರಿಗಳ ಮೆಟ್ಟಿಲು ಒರೆಸುವವಳು. ಅಷ್ಟು ಚೆನ್ನಾಗಿ ಪಟಪಟ ಎನ್ನುವ ಜೋಡು ಸ್ಟುಡಿಯೋದ ಕಪಾಟಿನಲ್ಲಿ ಇರಲಿಲ್ಲ. “ನನ್ನ ಮುಖ ನೋಡೋರಿಲ್ಲ, ಚಪ್ಪಲಿ ಮಾತ್ರ ಟೀವೀಗೆ ಹೋಯ್ತು,” ಎಂದು ಅಮ್ಮ ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಬಂದಳು. ಆಮೇಲೆ ಕೊಂಡ ಹೊಸ ಜೋಡೂ ಬೇಗನೆ ಸವೆದು ಅದೇ ರಾಗ ಹಾಡಿತು.

ಒಂದು ಸಂಜೆ ಅಮ್ಮ ಮನೆಯ ಮೆಟ್ಟಿಲು ಹತ್ತುತ್ತಿದ್ದಳು. ಪಟ, ಪಟ. ಒಳಗೆ ಆಡುತ್ತಿದ್ದ ಸದ್ದಕ್ಕನ ಮಗ ದಿಗ್ಗನೆದ್ದು ಮಂಚದ ಕೆಳಗೆ ತೂರಿಕೊಂಡ.

“ಇಲಿ ಬಂತಮ್ಮಾ. ನನ್ನ ಗೊಂಬೆ ಬಚ್ಚಿಡು.”

“ಅಜ್ಜಿ ಕಣೋ ಅದು.”

“ಅಜ್ಜೀನೇ ಇಲಿ. ಚಪ್ಪಲಿ ಕೇಳಿಸ್ಲಿಲ್ವಾ?”

ಹೊಸ್ತಿಲಲ್ಲಿ ಅಮ್ಮ ನಕ್ಕಳು. “ಇಲೀಗೆ ಒಂದು ಲೋಟ ನೀರಾದ್ರೂ ಕೊಡ್ತೀಯೇನಪ್ಪಾ?” ಆದರೆ ಮರುದಿನದಿಂದ ಚಪ್ಪಲಿಯನ್ನು ಬೀದಿಬಾಗಿಲಲ್ಲೇ ಬಿಟ್ಟು, ಒಡೆದ ಹಿಮ್ಮಡಿಯನ್ನು ತಣ್ಣನೆಯ ಕಲ್ಲಿಗೂರಿ, ಸದ್ದಿಲ್ಲದೆ ಹತ್ತಿ ಬರತೊಡಗಿದಳು. ನಿಜವಾಗಿ ಕಳ್ಳಿಯ ಹಾಗೆ. ಹೆತ್ತವಳನ್ನು ಮಗಳ ಕೈಯಿಂದಲೇ ಕಳ್ಳಿ ಮಾಡಿಸಿದ್ದ ಆ ಯಜಮಾನ. ಸದ್ದಕ್ಕ ಅವನನ್ನು ಸುಮ್ಮನೆ ಬಿಡುವ ಮಾತೇ ಇರಲಿಲ್ಲ.

ಅವಕಾಶವನ್ನು ಅವನೇ ತಂದು ಕೈಗಿಟ್ಟ. ಮುಂದಿನ ಕಂತುಗಳಿಗೆ ಹೊಸ ಖಳ: ಇಲಿರಾಯ. ಕದ್ದ ಬೂಟು ಮೆಟ್ಟಿಕೊಂಡು ಕೋಟೆಯ ದೊರೆಯಾಗಲು ಹೊರಟವನು.

“ಚರಂಡಿಯವನು ಬೂಟು ಹಾಕ್ಕೊಂಡ್ರೆ ಏನಾಗುತ್ತೆ ಅಂತ ಮಕ್ಕಳಿಗೆ ಈಗ್ಲೇ ತಿಳೀಲಿ. ಆ ಸದ್ದಿಗೇ ಎದೆ ಝಲ್ ಅನ್ಬೇಕು,” ಎನ್ನುತ್ತ ಯಜಮಾನ ಮರದ ನೆಲದ ಮೇಲೆ ಅತ್ತಿಂದಿತ್ತ ಓಡಾಡಿದ. ಅವನ ಎಡಗಾಲಿನ ಬೂಟು ಕಿರ್ರೆನ್ನುತ್ತಿತ್ತು, ಬಲದ್ದು ಠಪ್ಪೆನ್ನುತ್ತಿತ್ತು. ಕಿರ್, ಠಪ್. ಕಿರ್, ಠಪ್. ಸದ್ದಕ್ಕ ಮೈಕು ಆರಿಸಿರಲಿಲ್ಲ.

“ಆಗ್ಲಿ ಸಾರ್, ನೀವು ಹೇಳಿದ ಹಾಗೇ.”

ಕಂತು ಸಿದ್ಧವಾದಾಗ ಅವನೇ ತಲೆದೂಗಿದ. “ದರಿದ್ರ ಸದ್ದು. ಎಲ್ಲಿ ಹಿಡಿದೆ?”

“ಇಲ್ಲೇ ಓಡಾಡ್ತಿತ್ತು ಸಾರ್.”

ಯಾರಿಗೇ ಆಗಲಿ, ತಮ್ಮ ನಡಿಗೆಯ ಸದ್ದು ತಮ್ಮ ಕಿವಿಗೆ ಬೀಳುವುದಿಲ್ಲ.

ಇಲಿರಾಯ ಮನೆಮನೆ ಹೊಕ್ಕ. ಮಕ್ಕಳು ರಾತ್ರಿ ಬೆಚ್ಚಿಬೀಳುತ್ತಾರಂತೆ ಎಂದು ಕೇಳಿ ಯಜಮಾನ ಹಿಗ್ಗಿಹೋದ. ಆ ಹಿಗ್ಗಿನಲ್ಲೇ ಊರ ಮಕ್ಕಳನ್ನು ಸ್ಟುಡಿಯೋದ ಸಭಾಂಗಣಕ್ಕೆ ಕರೆಸಿದ. ಮುಂದಿನ ಸಾಲಿನಲ್ಲಿ ಅವನ ಮುದ್ದಿನ ಮೊಮ್ಮಗಳು. ದೀಪ ಆರಿತು. ಸ್ವಾಗತ ಹೇಳಲು ಅವನು ಹಿಂದಿನ ಬಾಗಿಲಿನಿಂದ ಮರದ ನೆಲದ ಮೇಲೆ ನಡೆದು ಬಂದ.

ಕಿರ್, ಠಪ್.

ಗಲಾಟೆ ಗಪ್ಪೆಂದು ನಿಂತಿತು. ಯಾರೋ ಬಿಕ್ಕಿದರು. “ಇಲಿರಾಯ,” ಎಂದಿತು ಒಂದು ಸಣ್ಣ ದನಿ. ಕಿರ್, ಠಪ್. ಮಕ್ಕಳು ಕುರ್ಚಿಗಳ ಕೆಳಗೆ ನುಗ್ಗಿದರು. ದೀಪ ಹತ್ತಿದಾಗ ಮೊಮ್ಮಗಳೂ ಅಲ್ಲೇ ಮುದುರಿಕೊಂಡಿದ್ದಳು.

“ನಾನು ಕಣೇ ಪುಟ್ಟೀ, ತಾತ,” ಎಂದು ಬಗ್ಗಿದ.

“ತಾತ ಅಲ್ಲ. ನೀನು ಕದಿಯೋನು. ನಂಗೊತ್ತು.”

ಯಜಮಾನ ಬೂಟು ಕಳಚಿ ಕೈಯಲ್ಲಿ ಹಿಡಿದು, ಕಾಲುಚೀಲದಲ್ಲೇ ಸದ್ದಕ್ಕನ ಕೋಣೆಗೆ ಬಂದ. “ಇವತ್ತೇ ತೆಗಿ ಅದನ್ನ.”

“ತೆಗೀತೀನಿ ಸಾರ್. ಮೊದಲ ಕಂತಿನಿಂದ ತೆಗೀಬೇಕಾಗುತ್ತೆ, ಚಪ್ಪಲಿ ಸಮೇತ.”

“ತಲೆ ಕೆಟ್ಟಿದೆಯಾ? ಅದು ಆಗ್ಲೇ ಎಲ್ಲಾ ಮಕ್ಕಳ ತಲೆಗೂ ಹೋಗಿದೆ.”

“ಇದೂ ಹೋಗಿದೆ ಸಾರ್.”

“ನಾಳೆಯಿಂದ ಬರ್ಬೇಡ.”

“ಸರಿ. ಮನೆಗೆ ಹೀಗೇ ಹೋಗಿ. ನಮ್ಮಮ್ಮನೂ ಹೀಗೇ ಬರ್ತಾಳೆ, ಮೊಮ್ಮಗನ ಹತ್ರ.”

ಕಪಾಟಿನಿಂದ ಹಳೇ ಚಪ್ಪಲಿಯನ್ನು ಎತ್ತಿಕೊಂಡು ಅವಳು ಹೊರಟಳು. ಸಂಜೆ ಬೀದಿಬಾಗಿಲಲ್ಲಿ ಅಮ್ಮ ಕಾಲಿನ ಜೋಡು ಬಿಡುತ್ತಿದ್ದಳು.

“ಬಿಡ್ಬೇಡ. ಹಾಕ್ಕೋ.”

“ಮಗು ಹೆದರುತ್ತೆ ಕಣೇ.”

“ಹೆದರ್ಲಿ. ಮಂಚದ ಕೆಳಗಿಂದ ಎಳೆದು ತಂದು ಇದನ್ನ ಅವನ ಕಾಲಿಗೇ ಹಾಕ್ತೀನಿ,” ಎಂದು ಸದ್ದಕ್ಕ ಹಳೇ ಜೋಡನ್ನು ತೋರಿಸಿದಳು. “ನಡೆದು ನೋಡ್ಲಿ, ಸದ್ದು ಯಾರದು ಅಂತ. ನೀನು ಜೋರಾಗಿ ಹತ್ತು.”

ಅಮ್ಮ ತನ್ನ ಜೋಡನ್ನು ಮತ್ತೆ ಮೆಟ್ಟಿಕೊಂಡಳು. ಆಮೇಲೆ ಮೊದಲ ಮೆಟ್ಟಿಲ ಮೇಲೆ, ಇಡೀ ಕಟ್ಟಡಕ್ಕೇ ಕೇಳುವ ಹಾಗೆ, ಕಾಲಪ್ಪಳಿಸಿದಳು.