ಮುದ್ದಮ್ಮನ ಮನೆಗೆ ಬೇಗ ಬಂದ ಕೂಸು

ಮುದ್ದಮ್ಮ ಹಂಡೆಯ ಒಲೆಗೆ ಇನ್ನೆರಡು ತೆಂಗಿನ ಮಟ್ಟೆ ತುರುಕಿ, ಊದುಕೊಳವೆಯನ್ನು ಬಾಯಿಗೆ ಇಟ್ಟುಕೊಂಡಿದ್ದಳು. ಪಕ್ಕದಲ್ಲಿ ಹರಳೆಣ್ಣೆ ಬಟ್ಟಲು, ಮೆತ್ತನೆಯ ಹಳೇ ಸೀರೆ ತುಂಡು, ಹೊಗೆ ಹಾಕಲು ಒಂದು ಚಿಟಿಕೆ ಸಾಂಬ್ರಾಣಿ, ಎಲ್ಲ ಸಿದ್ಧವಾಗಿತ್ತು.

"ಮುದ್ದಕ್ಕಾ, ಊದಬೇಡ. ನಿಲ್ಸು ನಿಲ್ಸು!"

ಹಿತ್ತಿಲ ಬಾಗಿಲಲ್ಲಿ ಚಲುವಮ್ಮ ನಿಂತಿದ್ದಳು. ಊರಿನ ಆಶಾ ಕಾರ್ಯಕರ್ತೆ. ಬಿರಬಿರನೆ ನಡೆದು ಬಂದದ್ದಕ್ಕೆ ಏದುಸಿರು ಬಿಡುತ್ತಿದ್ದಳು.

"ಯಾಕೆ, ಎಲ್ಲಾದ್ರೂ ಬೆಂಕಿ ಬಿತ್ತಾ?"

"ನೀನೇ ಹಚ್ಕೊಂಡು ಕೂತಿದ್ದೀಯಲ್ಲ. ಈ ನೀರು ಯಾರಿಗೆ?"

"ಇನ್ಯಾರಿಗೆ, ನಿಂಗಾ? ಕೂಸಿಗೆ ಕಣೇ. ನಿನ್ನೆ ಸಂಜೆ ಆಸ್ಪತ್ರೆಯಿಂದ ಬಂದೈತೆ. ಮೈಯೆಲ್ಲ ಔಷಧಿ ವಾಸ್ನೆ."

ಹಾರನಹಳ್ಳಿಯಲ್ಲಿ ಯಾರ ಮನೆಯಲ್ಲಿ ಮಗು ಹುಟ್ಟಿದರೂ ನೀರು ಹಾಕಲು ಮೊದಲು ಕರೆಯುತ್ತಿದ್ದದ್ದು ಮುದ್ದಮ್ಮನನ್ನೇ. ಅವಳು ಮಣೆಯ ಮೇಲೆ ಕೂತು, ಕಾಲು ಚಾಚಿ, ಮಗುವನ್ನು ಮೊಳಕಾಲ ಮೇಲೆ ಬೋರಲು ಹಾಕಿ ಎಣ್ಣೆ ತೀಡಿ, ಚೊಂಬಿನಿಂದ ನೀರು ಹುಯ್ದು, ಸಾಂಬ್ರಾಣಿ ಹೊಗೆ ಕೊಟ್ಟು ಸುತ್ತಿ ಮಲಗಿಸಿದರೆ ಮಗು ಮಧ್ಯಾಹ್ನದವರೆಗೂ ಅಲುಗಾಡುತ್ತಿರಲಿಲ್ಲ. ಚಲುವಮ್ಮನ ಇಬ್ಬರು ಮಕ್ಕಳೂ ಆ ಕಾಲಿನ ಮೇಲೆ ಮಿಂದವರೇ. ಅಂಥ ಮುದ್ದಮ್ಮನಿಗೆ ಸ್ವಂತ ಮೊಮ್ಮಗನಿಗೆ ನೀರು ಹಾಕಬೇಡ ಅಂದರೆ ಹೇಗಾಗಬೇಡ?

ಚಲುವಮ್ಮ ಒಲೆಯ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಳು.

"ಅಕ್ಕಾ, ಕೋಪ ಮಾಡ್ಕೋಬೇಡ. ಎಳನೀರಿನ ಕಾಯಿನ ಕಿತ್ತು ಕೊಬ್ಬರಿಗೆ ಅಂತ ಅಟ್ಟಕ್ಕೆ ಹಾಕ್ತೀಯಾ?"

"ಯಾವಳಾದ್ರೂ ಹಾಕ್ತಾಳಾ? ಕೊಳ್ತು ನಾರ್ತದೆ. ಬಲಿಯೋವರ್ಗೂ ಮರದಲ್ಲೇ ಬಿಡ್ಬೇಕು."

"ನಿನ್ನ ಮೊಮ್ಮಗ ಬಲಿಯೋಕೆ ಮುಂಚೆ ಬಂದವ್ನು. ದಿನ ತುಂಬೋಕೆ ಇನ್ನೂ ಎರಡು ತಿಂಗಳಿತ್ತು. ಅವನಿಗೆ ಇನ್ನೂ ಮರ ಬೇಕು. ನಿನ್ನ ಸೊಸೆ ಎದೆನೇ ಆ ಮರ. ಚರ್ಮದ ಕೆಳಗೆ ಕೊಬ್ಬಿಲ್ಲ, ನೀರು ಹುಯ್ದು ಎತ್ತೋದ್ರೊಳಗೆ ಮೈ ತಣ್ಣಗಾಗ್ಬಿಡ್ತದೆ. ಉಸಿರಾಡೋ ಪುಪ್ಪುಸ ಇನ್ನೂ ಹಸಿ. ಹೊಗೆ ಅಂತೂ ಕೂಡದು, ಸಾಂಬ್ರಾಣಿದೂ ಅಷ್ಟೇ, ಬೀಡಿದೂ ಅಷ್ಟೇ. ಮೈತೂಕ ಏರ್ಲಿ, ಡಾಕ್ಟರು ಹೂಂ ಅನ್ಲಿ, ಆಮೇಲೆ ನೀನೇ ನೀರು ಹುಯ್ಯಿವಂತೆ. ಅಲ್ಲಿವರ್ಗೂ ಬೆಚ್ಚನೆ ಬಟ್ಟೆಲಿ ಒರೆಸಿದ್ರೆ ಸಾಕು."

ಮುದ್ದಮ್ಮ ಊದುಕೊಳವೆ ಕೆಳಗಿಟ್ಟಳು. ಮಟ್ಟೆಗಳನ್ನು ಒಂದೊಂದಾಗಿ ಹೊರಗೆಳೆದು ನೀರು ಚಿಮುಕಿಸಿದಳು. ಚುಂಯ್ ಅಂತು.

ನಡುಮನೆಯ ಕೋಣೆಯಲ್ಲಿ ಸೊಸೆ ಸೌಂದರ್ಯ ಗೋಡೆಗೆ ದಿಂಬು ಕೊಟ್ಟು ಒರಗಿದ್ದಳು. ಕೂಸಿನ ಮೈಮೇಲೆ ಟೋಪಿ, ಕಾಲುಚೀಲ, ಒಂದು ಲಂಗೋಟಿ ಬಿಟ್ಟರೆ ಬಟ್ಟೆಯಿಲ್ಲ. ತಾಯಿಯ ಬರಿ ಎದೆಗೆ ಕಪ್ಪೆಯಂತೆ ಅಂಟಿಕೊಂಡು, ತಲೆ ಒಂದು ಪಕ್ಕಕ್ಕೆ ಹೊರಳಿಸಿ ಮಲಗಿತ್ತು. ಮೇಲೊಂದು ಬಟ್ಟೆ ಬಿಗಿದು ಕಟ್ಟಿದ್ದಳು. ಮೂಗು ಬಾಯಿ ಮಾತ್ರ ಕಾಣುವಂತಿತ್ತು. ಆಸ್ಪತ್ರೆಯ ನರ್ಸಮ್ಮ ಹೇಳಿಕೊಟ್ಟದ್ದು. ಗಾಜಿನ ಪೆಟ್ಟಿಗೆಯ ಕಾವಿನಿಂದ ಇಳಿದ ಮಗುವಿಗೆ ಮನೆಯಲ್ಲಿ ತಾಯಿಯ ಮೈಕಾವೇ ಪೆಟ್ಟಿಗೆ.

"ಹಿಂಗೆ ಕಟ್ಕೊಂಡೇ ಕೂತ್ರೆ ಉಸಿರು ಕಟ್ಟಲ್ವೇನೇ? ಆಮೇಲೆ ಅಭ್ಯಾಸ ಆಗಿ ಕೆಳಗೇ ಇಳಿಯಲ್ಲ" ಅಂದಳು ಮುದ್ದಮ್ಮ.

"ಉಸಿರು ಸರಿಯಾಗ್ತದೆ ಅತ್ತೆ. ನನ್ನ ಉಸಿರು ಕೇಳ್ಕೊಂಡು ಅವ್ನೂ ಉಸಿರಾಡ್ತಾನೆ."

"ನಿಮ್ಮ ಆಸ್ಪತ್ರೆ ಮಾತು ನಂಗೆ ತಿಳಿಯಲ್ಲಪ್ಪ."

ಆದರೆ ಹಾಲು ಕುಡಿಸುವ ಹೊತ್ತು ಬಂದಾಗ ಮುದ್ದಮ್ಮನಿಗೆ ಸುಮ್ಮನಿರಲು ಆಗಲಿಲ್ಲ. ಚೀಪುವ ಶಕ್ತಿ ಕೂಸಿಗೆ ಇನ್ನೂ ಬಂದಿರಲಿಲ್ಲ. ಸೌಂದರ್ಯ ತನ್ನ ಹಾಲನ್ನು ಬಟ್ಟಲಿಗೆ ಹಿಂಡಿ, ಮೂತಿಯಿರುವ ಪುಟ್ಟ ಒಳಲೆಯಲ್ಲಿ ಕುಡಿಸಲು ಹೋದರೆ ಅರ್ಧ ಹಾಲು ಕೂಸಿನ ಕೆನ್ನೆ ಮೇಲೆ ಹರಿಯಿತು.

"ಕೊಡು ಇಲ್ಲಿ" ಎಂದು ಮುದ್ದಮ್ಮ ಕೈ ಚಾಚಿದಳು.

"ಕೊಡು ಸೌಂದರ್ಯ" ಅಂದಳು ಚಲುವಮ್ಮ. "ಒಳಲೆ ಹಿಡಿಯೋ ಹದ ನಿಮ್ಮತ್ತೆಗೆ ಗೊತ್ತಿರೋಷ್ಟು ಈ ಊರಲ್ಲಿ ಇನ್ಯಾರಿಗೂ ಗೊತ್ತಿಲ್ಲ. ಆಸ್ಪತ್ರೇಲೂ ಇಂಥದ್ರಲ್ಲೇ ಅಲ್ವಾ ಕುಡಿಸ್ತಿದ್ದದ್ದು? ಮೊದ್ಲು ಸೋಪು ಹಾಕಿ ಕೈ ತೊಳಿ ಅಕ್ಕ. ಒಳಲೆನ ಪ್ರತಿ ಸಲ ಕುದಿಸ್ಬೇಕು. ತಾಯಿ ಹಾಲು ಬಿಟ್ಟು ಬೇರೇನೂ ಬೇಡ. ಬಜೆನೂ ಬೇಡ, ಜೇನೂ ಬೇಡ."

ಮುದ್ದಮ್ಮ ಒಳಲೆಯ ಮೂತಿಯನ್ನು ಕೂಸಿನ ತುಟಿಯಂಚಿಗೆ ತಾಗಿಸಿ ಕಾದಳು. ಕೂಸು ನಾಲಿಗೆ ಚಾಚಿತು. ಒಂದು ತೊಟ್ಟು. ನುಂಗಿತು. ಮತ್ತೆ ಕಾದಳು. ಒಂದು ಹನಿಯೂ ಹೊರಗೆ ಚೆಲ್ಲಲಿಲ್ಲ. ಸೌಂದರ್ಯ ಬಾಯಿ ತೆರೆದು ನೋಡುತ್ತಿದ್ದಳು.

"ನಮ್ಮತ್ತೆ ಕೈಗೆ ಆಸ್ಪತ್ರೆಯವರೂ ಸಾಟಿಯಿಲ್ಲ" ಅಂದಳು. ಮುದ್ದಮ್ಮನಿಗೆ ಬೆಳಗಿನ ಕೋಪ ಅರ್ಧ ಇಳಿಯಿತು.

ಇನ್ನರ್ಧ ಉಳಿದೇ ಇತ್ತು. ಮಗ ಸಂತೋಷ್ ಟೆಂಪೊ ನಿಲ್ಲಿಸಿ ಬಂದವನು ಸ್ನಾನ ಮಾಡಿ, ಅಂಗಿ ಬಿಚ್ಚಿ, ಕೂಸನ್ನು ಎದೆಗೆ ಹಾಕಿಕೊಂಡು ಕೂರುತ್ತಿದ್ದ. ಅಷ್ಟರಲ್ಲಿ ಸೌಂದರ್ಯ ಉಂಡು ಬೆನ್ನು ನೀಡುತ್ತಿದ್ದಳು. ಮುದ್ದಮ್ಮನ ಗಂಡ ಕೃಷ್ಣಪ್ಪ ಬಾಗಿಲಲ್ಲಿ ನಿಂತು ನಗುತ್ತಿದ್ದ.

"ಏನ್ಲಾ, ನಿಂಗೂ ಬಾಣಂತಿ ಖಾರ ಅರೆಸ್ಲೇನ್ಲಾ?"

"ಅರೆಸಪ್ಪ. ತುಪ್ಪ ಮಾತ್ರ ಜಾಸ್ತಿ ಇರ್ಲಿ."

ನಗು ಮನೆಯೊಳಗೆ ಚೆನ್ನಾಗಿಯೇ ಇತ್ತು. ಹೊರಗೆ ನಲ್ಲಿ ಹತ್ತಿರದ ಮಾತು ಬೇರೆ. "ಊರ ಮಕ್ಕಳಿಗೆಲ್ಲ ನೀರು ಹುಯ್ದ ಮುದ್ದಮ್ಮನಿಗೆ ಸೊಸೆ ಮೊಮ್ಮಗನ್ನೇ ಕೊಡ್ತಿಲ್ವಂತೆ." ಆ ಮಾತು ಮುದ್ದಮ್ಮನ ಕಿವಿಗೆ ಬಿದ್ದು, ಮುಳ್ಳಿನಂತೆ ಅಲ್ಲೇ ಕೂತಿತು.

ಆ ಮಾತು ಕೇಳಿದ ಮಾರನೆಯ ದಿನ ಸೌಂದರ್ಯ ಸ್ನಾನಕ್ಕೆ ಹೋದಾಗ ಕೂಸು ಅಜ್ಜಿಯ ಕೈಯಲ್ಲಿತ್ತು. ಎರಡು ಸಲ ಸೀನಿತು. ಶೀತ ಹಿಡಿಯಿತು ಅಂದುಕೊಂಡಳು ಮುದ್ದಮ್ಮ. ನೀರು ಬೇಡ ಅಂದರು, ಸರಿ. ಒಂದೇ ಒಂದು ಚಿಟಿಕೆ ಸಾಂಬ್ರಾಣಿ ಏನು ಮಾಡೀತು? ಎಷ್ಟು ಮಕ್ಕಳಿಗೆ ಹಾಕಿಲ್ಲ? ಚಿಪ್ಪಿನ ಕೆಂಡದ ಮೇಲೆ ಉದುರಿಸಿ, ಕೂಸನ್ನು ಹೊಗೆಯ ಮೇಲೆ ಹಗುರವಾಗಿ ತೂಗಿದಳು.

ಕೂಸು ಕೆಮ್ಮಿತು. ಮತ್ತೆ ಕೆಮ್ಮಿತು. ಆಮೇಲೆ ಸದ್ದೇ ಇಲ್ಲ. ಉಸಿರೆಳೆದಾಗಲೆಲ್ಲ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು. ತುಟಿಯ ಸುತ್ತ ನೇರಳೆ ಬಣ್ಣ ಏರತೊಡಗಿತು.

"ಸೌಂದರ್ಯಾ!"

ಸೌಂದರ್ಯ ಒದ್ದೆ ತಲೆಯಲ್ಲೇ ಓಡಿ ಬಂದಳು. ಹೊಗೆ ನೋಡಿದಳು, ಅತ್ತೆಯ ಮುಖ ನೋಡಿದಳು. ಕೂಸನ್ನು ಕಸಿದುಕೊಂಡು ಗಾಳಿಯಿರುವ ಜಗುಲಿಗೆ ಬಂದು, ಎದೆಗೆ ಒತ್ತಿ, ತಲೆ ನೇರ ಮಾಡಿ ಹಿಡಿದಳು. "ಮಾವ, ನೂರೆಂಟಕ್ಕೆ ಫೋನ್ ಮಾಡಿ. ಬೇಗ ಹುಟ್ಟಿದ ಮಗು, ಉಸಿರಾಡೋಕೆ ಕಷ್ಟ ಆಗ್ತೈತೆ ಅಂತ ಹೇಳಿ."

ಆಂಬ್ಯುಲೆನ್ಸಿನಲ್ಲಿ ಅರಸೀಕೆರೆಗೆ, ಅಲ್ಲಿಂದ ಆಮ್ಲಜನಕ ಕೊಡುತ್ತಲೇ ಹಾಸನಕ್ಕೆ. ದಾರಿಯುದ್ದಕ್ಕೂ ಸೌಂದರ್ಯ ಕೂಸನ್ನು ಎದೆಯಿಂದ ಇಳಿಸಲಿಲ್ಲ. ಎದುರು ಕೂತ ಮುದ್ದಮ್ಮ ಕೂಸಿನ ಪಕ್ಕೆಯ ಗುಳಿಯನ್ನೇ ನೋಡುತ್ತಿದ್ದಳು. ಗುಳಿ ಬೀಳುತ್ತಿತ್ತು. ಏಳುತ್ತಿತ್ತು. ಈ ಸಲ ಏಳದೆ ಹೋದರೆ?

ಏಳದೆ ಹೋಗಲಿಲ್ಲ. ಮೂಗಿಗೆ ಸಣ್ಣ ನಳಿಗೆ ಹಾಕಿದ ಮೇಲೆ ಸಂಜೆಯ ಹೊತ್ತಿಗೆ ತುಟಿ ಮತ್ತೆ ಕೆಂಪಾಯಿತು. ಡಾಕ್ಟರಮ್ಮ ಬಂದು ನೋಡಿ, "ಹೊತ್ತಿಗೆ ಸರಿಯಾಗಿ ಕರ್ಕೊಂಡು ಬಂದ್ರಿ. ಎದೆಗೆ ಹಾಕ್ಕೊಂಡು ಬಂದದ್ದು ಇನ್ನೂ ಒಳ್ಳೇದಾಯ್ತು, ಮೈ ತಣ್ಣಗಾಗಿಲ್ಲ" ಅಂದರು. ಕಣ್ಣಿನ ಪರೀಕ್ಷೆಯೂ ಅಲ್ಲೇ ಆಯಿತು. ಬೇಗ ಹುಟ್ಟಿದ ಮಕ್ಕಳ ಕಣ್ಣಿನ ಹಿಂದಿನ ರಕ್ತನಾಳಗಳು ಕೆಲವೊಮ್ಮೆ ಅಡ್ಡಾದಿಡ್ಡಿ ಬೆಳೆಯುತ್ತವಂತೆ. ಹೊರಗೆ ಏನೂ ಕಾಣುವುದಿಲ್ಲ. ತಿಂಗಳು ತುಂಬುವುದರೊಳಗೆ ನೋಡಿಸಿದರೆ ಉಳಿಸಿಕೊಳ್ಳಬಹುದು, ತಡವಾದರೆ ಕತ್ತಲು. ಪಿಳಿಪಿಳಿ ನೋಡುತ್ತಾನಲ್ಲ, ಪರೀಕ್ಷೆ ಯಾಕೆ ಎಂದು ಹಿಂದಿನ ವಾರವಾಗಿದ್ದರೆ ಮುದ್ದಮ್ಮ ಕೇಳಿಯೇ ಕೇಳುತ್ತಿದ್ದಳು. ಈಗ, "ಇನ್ನೊಂದು ಸಲ ಯಾವತ್ತು ಬರ್ಬೇಕು ತಾಯಿ?" ಎಂದು ತಾನೇ ಕೇಳಿದಳು.

ಸೌಂದರ್ಯನಿಗೆ ಬೆನ್ನು ಹಿಡಿದುಕೊಂಡಿತ್ತು. "ಮನೆಯವರು ಯಾರಾದ್ರೂ ಎದೆಗೆ ಹಾಕ್ಕೋಬಹುದು. ಕಾಯಿಲೆ ಕಸಾಲೆ ಇರ್ಬಾರ್ದು, ಶುಚಿಯಾಗಿರ್ಬೇಕು ಅಷ್ಟೇ" ಅಂದಳು ನರ್ಸಮ್ಮ. ಮುದ್ದಮ್ಮ ಎದ್ದು ಹೋಗಿ ಮೊಣಕೈವರೆಗೂ ಸೋಪು ತಿಕ್ಕಿ ತೊಳೆದಳು. ಬಳೆ ಉಂಗುರ ತೆಗೆದು ಸೆರಗಿಗೆ ಕಟ್ಟಿದಳು. ನಾಚಿಕೆಯಿಂದ ಅತ್ತಿತ್ತ ನೋಡಿ, ರವಿಕೆ ಸಡಿಲಿಸಿ ಕೂತಳು.

ಕೂಸನ್ನು ಅವಳ ಎದೆಗೆ ಇಟ್ಟರು. ಹಸಿ ಬೆಣ್ಣೆಯಂಥ ಮೈ. ಕೊರಳಿಗೆ ಅದರ ಉಸಿರು ಬೆಚ್ಚಗೆ ತಾಗಿತು. ಅಲುಗಿದರೆ ಎಚ್ಚರಾದೀತೆಂದು ಮುದ್ದಮ್ಮ ಅಲುಗಲಿಲ್ಲ. ಸ್ವಲ್ಪ ಹೊತ್ತಿಗೆ ಸೊಂಟ ಸೆಳೆಯಿತು. ಇನ್ನೂ ಸ್ವಲ್ಪ ಹೊತ್ತಿಗೆ ಭುಜ ಜೋಮು ಹಿಡಿಯಿತು. ಆಗ ಅವಳಿಗೆ ಹೊಳೆಯಿತು: ಕೂತಲ್ಲೇ ಕೂತಿದ್ದಾಳೆ ಎಂದು ತಾನು ಅಂದುಕೊಂಡ ಹುಡುಗಿ ಇಷ್ಟು ದಿನ ಮಾಡಿದ್ದು ಈ ಕೆಲಸವನ್ನು. ಮಗ್ಗುಲು ಬದಲಿಸದೆ, ಗೊಣಗದೆ, ಹಸಿ ಹೊಟ್ಟೆಯ ಬಾಣಂತಿ.

"ನನ್ನ ಯಾಕೆ ಬಯ್ಯಲಿಲ್ಲ ನೀನು?"

ಸೌಂದರ್ಯ ಮಂಚದ ಮೇಲಿಂದಲೇ ನಕ್ಕಳು. "ಬಯ್ಯೋಕೆ ಪುರುಸೊತ್ತು ಎಲ್ಲಿತ್ತು ಅತ್ತೆ?"

"ಈಗ ಬಯ್ಯಿ."

"ಈಗ ನಿದ್ದೆ ಬತ್ತಾ ಐತೆ. ನೀವು ಹಿಡ್ಕೊಂಡಿದ್ದೀರಲ್ಲ, ಮಲಗ್ತೀನಿ."

ಹೆರಿಗೆಯಾದ ಮೇಲೆ ಸೌಂದರ್ಯ ನಿಶ್ಚಿಂತೆಯಾಗಿ ಮಲಗಿದ್ದು ಅದೇ ಮೊದಲು.

ಮನೆಗೆ ಬಂದ ಮೇಲೆ ಮುದ್ದಮ್ಮ ಯಾರೂ ಹೇಳದೆ ಕೋಣೆಯ ಕಾವಲು ಹಿಡಿದಳು. ದೊಡ್ಡ ಮೊಮ್ಮಗಳು ಸಿರಿ ಶಾಲೆಯಿಂದ ಬಂದರೂ ಸೋಪು ಹಾಕಿ ಕೈ ತೊಳೆಯದೆ ಒಳಗೆ ಬಿಡುತ್ತಿರಲಿಲ್ಲ. ಹನಿ ಔಷಧಿ, ಚುಚ್ಚುಮದ್ದಿನ ದಿನ, ವಾರವಾರ ತೂಕ, ಎಲ್ಲ ಅವಳ ನಾಲಿಗೆಯ ತುದಿಯಲ್ಲಿ. ನಲ್ಲಿ ಹತ್ತಿರ ಈಗ ಅವಳದೇ ಮಾತು. "ನನ್ನ ಸೊಸೆ ಥರ ಕೂತು ತೋರ್ಸಿ ನೋಡಣ. ಒಂದು ಗಳಿಗೆ ಕೂರಿ, ಆಮೇಲೆ ಮಾತಾಡಿ." ಕೂಸಿನ ತೂಕ ಏರಿದ ವಾರ ಚಲುವಮ್ಮನ ಬಾಯಿಗೆ ಬೆಲ್ಲ ಹಾಕಿದಳು.

ಓದುತ್ತಿರುವ, ಕೇಳುತ್ತಿರುವ ಅಕ್ಕತಂಗಿಯರೇ, ನಿಮ್ಮ ಮನೆಗೂ ಒಂದು ಕೂಸು ದಿನ ತುಂಬುವ ಮೊದಲೇ ಬಂದರೆ ಹೆದರಬೇಡಿ. ಆಸ್ಪತ್ರೆಯಿಂದ ಮನೆಗೆ ಕಳಿಸಿದರೆಂದರೆ ಆರೈಕೆ ಮುಗಿಯಿತು ಎಂದಲ್ಲ, ಈಗ ನಿಮ್ಮ ಕೈಗೆ ಬಂತು ಎಂದು. ಎದೆಯ ಕಾವು ಕೊಡಿ, ತಾಯಿಹಾಲು ಕೊಡಿ. ಸ್ನಾನಕ್ಕೆ ಅವಸರ ಬೇಡ, ಹೊಗೆ ಬೇಡವೇ ಬೇಡ. ಕಣ್ಣಿನ ಪರೀಕ್ಷೆಯನ್ನು ಶಾಸ್ತ್ರ ಸಂಪ್ರದಾಯಕ್ಕೆಂದು ಮುಂದೂಡಬೇಡಿ. ಹಾಲು ಕುಡಿಯುವುದು ಬಿಟ್ಟರೆ, ಕೈಕಾಲು ತಣ್ಣಗಾದರೆ, ಜ್ವರದಿಂದ ಮೈ ಸುಟ್ಟರೆ, ಉಸಿರೆಳೆದಾಗ ಪಕ್ಕೆ ಗುಳಿ ಬಿದ್ದರೆ, ತುಟಿ ನೀಲಿಯಾದರೆ ಕಾಯಬೇಡಿ, ನೂರೆಂಟಕ್ಕೆ ಕರೆ ಮಾಡಿ. ಆ ತಾಯಿಗೆ ಒಂದು ಹೊತ್ತು ಬಿಡುವು ಕೊಡಿ. ಸೋಂಕು ತಗುಲದಂತೆ ಮಗು ನೋಡಲು ಬಂದವರನ್ನು ತಡೆಯುವುದು ಎಲ್ಲಕ್ಕಿಂತ ಕಷ್ಟ, ಗೊತ್ತು. ಮುದ್ದಮ್ಮನೂ ಅಲ್ಲೇ ಎಡವುವುದರಲ್ಲಿದ್ದಳು.

ಹುಲಿಕೆರೆಯಿಂದ ಅವಳ ಅಣ್ಣ ತಮ್ಮಯ್ಯ ಬಂದಿದ್ದ. ತವರಿನ ಹಿರಿಯ. ಮಗುವಿಗೆ ಬೆಳ್ಳಿ ಉಡದಾರ ತಂದಿದ್ದ. ಬಸ್ಸಿಳಿದು ಬೀಡಿ ಎಸೆದವನೇ ನೇರ ಕೋಣೆಯ ಬಾಗಿಲಿಗೆ ಬಂದು ಕೈ ಚಾಚಿದ. "ಎಲ್ಲವ್ನೆ ನಮ್ಮ ಬಂಗಾರ? ಕೊಡಿ ಇಲ್ಲಿ, ಒಂದು ಮುತ್ತು ಕೊಡ್ತೀನಿ."

ಅಣ್ಣನ ಎದುರು ಮುದ್ದಮ್ಮ ಯಾವತ್ತೂ ಬೇಡ ಅಂದವಳಲ್ಲ. ಸೌಂದರ್ಯ ಅತ್ತೆಯ ಮುಖ ನೋಡಿದಳು. ಅತ್ತೆಯ ಅಣ್ಣನಿಗೆ ಸೊಸೆ ಹೇಗೆ ಹೇಳುವುದು? ಕೃಷ್ಣಪ್ಪ ಗೋಡೆಯ ಕ್ಯಾಲೆಂಡರ್ ನೋಡತೊಡಗಿದ. ಚಾಚಿದ ಕೈ ಹತ್ತಿರ ಬಂತು.

ಎರಡನೇ ಕ್ಲಾಸಿನ ಸಿರಿ, ಕೂಸಿನ ಅಕ್ಕ, ನೆಂಟರು ಬಂದರೆ ಸದಾ ಅಮ್ಮನ ಸೀರೆಯ ಹಿಂದೆ ಅಡಗುವವಳು, ಮುಂದೆ ಬಂದು ಬಾಗಿಲಿಗೆ ಅಡ್ಡ ನಿಂತಳು. ತಲೆಯೆತ್ತಿ ನೋಡಿದಳು.

"ತಾತ, ಸೋಪು ಹಾಕಿ ಕೈ ತೊಳ್ಕೊಂಡ್ರಾ?"